ಬೆಟ್ಟದಿಂದ ಬೆಟ್ಟಕ್ಕೆ, ಐದು ವಾಟ್‌ನಲ್ಲಿ

ನನ್ನ ಮೊದಲ ಚಳಿಗಾಲದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಹೊಸಬರು ಹೆಚ್ಚಿನವರು ಇದನ್ನೇ ಮಾಡುತ್ತಾರೆ. ಡಿಸೆಂಬರ್ ತಿಂಗಳು. ಹವ್ಯಾಸಿಗಳ ಹ್ಯಾಮ್ ರೇಡಿಯೋ ಹೊತ್ತು ಇಂಗ್ಲೆಂಡಿನ ಶೈನಿಂಗ್ ಟಾರ್ ಅನ್ನೋ ಬೆಟ್ಟ ಹತ್ತಿ, ಆಂಟೆನಾ ತಂತಿ ಕಟ್ಟಿ, ಕೂತ ತಕ್ಷಣ ಸಿಕ್ಯೂ ಕರೆದೆ, ಅಂದರೆ ‘ಯಾರಾದರೂ ಉತ್ತರಿಸಿ’ ಅನ್ನುವ ಕರೆ. ಯುರೋಪಿನ ಮನೆಮನೆಗಳಿಂದ ಒಬ್ಬರ ಹಿಂದೆ ಒಬ್ಬರು ಬಂದರು. ಮುಕ್ಕಾಲು ಗಂಟೆಯಲ್ಲಿ 38 ಸಂಪರ್ಕ. ತುಂಬಾ ಖುಷಿಯಾಯಿತು. ಆಮೇಲೆ ಫೋನ್ ತೆಗೆದು ನೋಡಿದೆ. ಅದೇ ಹೊತ್ತಿನಲ್ಲಿ ಅಮೆರಿಕದ ಇಬ್ಬರು ತಮ್ಮ ತಮ್ಮ ಬೆಟ್ಟದ ಮೇಲೆ ಕೂತು, ನನ್ನಿಂದ ಕೆಲವೇ ಕಿಲೋಹರ್ಟ್ಜ್ ಆಚೆ ಕರೆಯುತ್ತಿದ್ದರು. ನಾನು ಡಯಲ್ ತಿರುಗಿಸುವಷ್ಟರಲ್ಲಿ ಇಬ್ಬರೂ ಗಂಟುಮೂಟೆ ಕಟ್ಟಿದ್ದರು. ನನ್ನ ಕಡೆ ಹೊತ್ತು ಮುಳುಗುತ್ತಿತ್ತು.

ಮನೆಯಲ್ಲಿ ಕೂತವರು ನಾಳೆಯೂ ಸಿಗುತ್ತಾರೆ. ಬೆಟ್ಟದ ಮೇಲಿರುವವರು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಇರುತ್ತಾರೆ. ಅವರಿಗೂ ಚಳಿ, ಅವರಿಗೂ ಇಳಿಯುವ ದಾರಿ ಇದೆ. ಹಾಗಾಗಿ ಬೆಟ್ಟದಿಂದ ಬೆಟ್ಟಕ್ಕೆ ಮಾತಾಡಬೇಕು ಅನ್ನುವವರು ಮೊದಲು ಹುಡುಕಬೇಕು, ಆಮೇಲೆ ಕರೆಯಬೇಕು. ಉಳಿದದ್ದೆಲ್ಲ ಅದಕ್ಕೆ ಬೇಕಾದ ತಯಾರಿ.

ನಮ್ಮದು ಮೂಡಿಗೆರೆ ಕಡೆ. ಈಗ ಇರುವುದು ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್ ಊರಿನಲ್ಲಿ. ವಾರವೆಲ್ಲ ಗೋದಾಮಿನಲ್ಲಿ ಕೆಲಸ, ಶನಿವಾರ ಬಂದರೆ ಬೆನ್ನಿಗೆ ಚೀಲ, ಚೀಲದಲ್ಲಿ ಹ್ಯಾಮ್ ರೇಡಿಯೋ. ಬೆಟ್ಟದ ತುದಿಯಿಂದ ಹ್ಯಾಮ್ ಸಂಪರ್ಕ ಮಾಡುವ ಈ ಹವ್ಯಾಸಕ್ಕೆ ಸೋಟಾ ಎಂದು ಹೆಸರು, ‘ಸಮ್ಮಿಟ್ಸ್ ಆನ್ ದಿ ಏರ್’. 2002ರ ಮಾರ್ಚ್ 2ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶುರುವಾಯಿತು, ಆಮೇಲೆ ದೇಶದಿಂದ ದೇಶಕ್ಕೆ ಹಬ್ಬಿತು. ಪಟ್ಟಿಯಲ್ಲಿರುವ ಪ್ರತಿ ಬೆಟ್ಟಕ್ಕೂ ಒಂದು ನಂಬರು ಇದೆ. ಶೈನಿಂಗ್ ಟಾರ್‌ನದು ಜಿ/ಎಸ್‌ಪಿ-004. ಜಿ ಅಂದರೆ ಇಂಗ್ಲೆಂಡ್, ಎಸ್‌ಪಿ ಅಂದರೆ ದಕ್ಷಿಣ ಪೆನೈನ್ಸ್ ಸಾಲು. ಎತ್ತರ ನೋಡಿ 1ರಿಂದ 10ರವರೆಗೆ ಅಂಕ ಕೊಡುತ್ತಾರೆ. ಹತ್ತಿ ಹತ್ತಿ 1,000 ಅಂಕ ಸೇರಿಸಿದವರಿಗೆ ‘ಮೌಂಟನ್ ಗೋಟ್’ ಅನ್ನುವ ಬಿರುದು.

ನಿಯಮ ಜಾಸ್ತಿ ಇಲ್ಲ, ಆದರೆ ಖಡಕ್. ಕೊನೆಯ ಏರು ನಿಮ್ಮ ಕಾಲಿನ ಬಲದಿಂದಲೇ ಆಗಬೇಕು. ತುದಿಯಿಂದ ಕೆಳಕ್ಕೆ 25 ಮೀಟರ್ ಎತ್ತರದೊಳಗೆ ಕೂತಿರಬೇಕು. ಕಾರಿನ ಒಳಗಿಂದ ಅಥವಾ ಕಾರಿನ ಪಕ್ಕದಿಂದ ಮಾಡಿದ್ದು ನಡೆಯುವುದಿಲ್ಲ. ಜನರೇಟರ್ ಬಾರದು, ಬ್ಯಾಟರಿ ಆಗಬೇಕು. ನೆಲದ ಮೇಲಿನ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಸ್ಟೇಷನ್) ಮೂಲಕ ಮಾಡಿದ ಸಂಪರ್ಕಕ್ಕೆ ಲೆಕ್ಕವಿಲ್ಲ. ಅಂಕ ಸಿಗಲು ಕನಿಷ್ಠ ನಾಲ್ಕು ಸಂಪರ್ಕ ಬೇಕು. ಎದುರಿನವರೂ ಇನ್ನೊಂದು ಬೆಟ್ಟದ ಮೇಲಿದ್ದರೆ ಅದು ‘ಎಸ್ ಟು ಎಸ್’, ಅಂದರೆ ಸಮ್ಮಿಟ್ ಟು ಸಮ್ಮಿಟ್. ಎರಡೂ ಕಡೆ ಸಣ್ಣ ರೇಡಿಯೋ, ಸಣ್ಣ ಬ್ಯಾಟರಿ, ಒಂದೊಂದು ತುಂಡು ತಂತಿ. ನಡುವೆ ಒಂದು ಸಮುದ್ರ. ಇದಕ್ಕಿಂತ ದೊಡ್ಡ ಸಂತೋಷ ಈ ಹವ್ಯಾಸದಲ್ಲಿ ನನಗೆ ಸಿಕ್ಕಿಲ್ಲ.

ಲೈಸೆನ್ಸ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬ್ರಿಟನ್‌ನಲ್ಲಿ ಮೊದಲ ಮೆಟ್ಟಿಲು ಫೌಂಡೇಶನ್. ಪರೀಕ್ಷೆಯನ್ನು ಮನೆಯಲ್ಲೇ ಆನ್‌ಲೈನ್‌ನಲ್ಲಿ ಬರೆಯಬಹುದು, 26 ಪ್ರಶ್ನೆ. 2024ರಿಂದ ಫೌಂಡೇಶನ್‌ನವರೂ 25 ವಾಟ್‌ವರೆಗೆ ಬಳಸಬಹುದು. ಬೆಟ್ಟಕ್ಕೆ ಅದು ಬೇಕಾದ್ದಕ್ಕಿಂತ ಜಾಸ್ತಿಯೇ. ಕರ್ನಾಟಕದಲ್ಲಿ ಇರುವವರು ಕೇಂದ್ರದ ದೂರಸಂಪರ್ಕ ಇಲಾಖೆಯ, ಹ್ಯಾಮ್ ಪ್ರಮಾಣಪತ್ರ ಕೊಡುವ ಎಎಸ್‌ಒಸಿ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತೆಗೆದುಕೊಳ್ಳಬೇಕು. ಲೈಸೆನ್ಸ್ ಇಲ್ಲದೆ ಕೇಳಬಹುದು, ಗುಂಡಿ ಒತ್ತಿ ಪ್ರಸಾರ ಮಾಡುವ ಹಾಗಿಲ್ಲ.

ಈಗ ಚೀಲ. ನನ್ನ ರಿಗ್, ಅಂದರೆ ರೇಡಿಯೋ ಸೆಟ್, ಎಲೆಕ್ರಾಫ್ಟ್ ಕೆಎಕ್ಸ್2. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಸುಮಾರು 10 ವಾಟ್ ಕೊಡುತ್ತದೆ. ನಾನು ಹೆಚ್ಚಾಗಿ 5ರಲ್ಲೇ ಇಡುತ್ತೇನೆ. ಐಕಾಮ್ 705, ಯಾಯೇಸು 818 ಇದ್ದರೂ ಆಗುತ್ತದೆ. ಮೂರು ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು ಮಧ್ಯಾಹ್ನಕ್ಕೆ ಧಾರಾಳ ಸಾಕು. ಚಳಿಯಲ್ಲಿ ಅದನ್ನು ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟುಕೊಂಡು ಹತ್ತಿ. ತಣ್ಣಗಾದ ಬ್ಯಾಟರಿ ಬೇಗ ಸೋಲುತ್ತದೆ.

100 ವಾಟ್ ಇಲ್ಲವಲ್ಲ ಎಂದು ಕೊರಗುವವರಿಗೆ ಒಂದು ಲೆಕ್ಕ. 100 ವಾಟ್‌ಗೂ 5 ವಾಟ್‌ಗೂ ಇರುವ ವ್ಯತ್ಯಾಸ 13 ಡೆಸಿಬೆಲ್. ಸಿಗ್ನಲ್ ಬಲ ತೋರಿಸುವ ಮೀಟರಿನಲ್ಲಿ ಅದು ಎರಡು ಎಸ್-ಯುನಿಟ್ ಚಿಲ್ಲರೆ, ಅಷ್ಟೇ. ಊರಿನ ಮನೆಯಲ್ಲಿ ಚಾರ್ಜರ್, ಎಲ್‌ಇಡಿ ದೀಪ, ಸೋಲಾರ್ ಇನ್ವರ್ಟರ್ ಎಲ್ಲ ಸೇರಿ ಮಾಡುವ ಗದ್ದಲ ಅದಕ್ಕಿಂತ ಜಾಸ್ತಿ ಇರುತ್ತದೆ. ಬೆಟ್ಟದ ಮೇಲೆ ಆ ಗದ್ದಲವೇ ಇಲ್ಲ. ರಿಗ್ ಆನ್ ಮಾಡಿದಾಗ ಮೊದಲ ಬಾರಿ ಅದು ಕೆಟ್ಟಿದೆ ಅಂದುಕೊಂಡಿದ್ದೆ, ಅಷ್ಟು ನಿಶ್ಶಬ್ದ. ಎಸ್ ಟು ಎಸ್‌ನಲ್ಲಿ ಈ ನಿಶ್ಶಬ್ದ ಎರಡೂ ತುದಿಯಲ್ಲಿ ಇರುತ್ತದೆ. ಐದು ವಾಟ್ ಸಮುದ್ರ ದಾಟಿ ಕೇಳಿಸುವುದಕ್ಕೆ ಅದು ದೊಡ್ಡ ಕಾರಣ. ಆದರೆ ಎಲ್ಲ ಬೆಟ್ಟವೂ ಹೀಗಿರುವುದಿಲ್ಲ. ಬೋಲ್ಟನ್ ಹತ್ತಿರದ ವಿಂಟರ್ ಹಿಲ್ ಮೇಲೆ 300 ಮೀಟರಿಗೂ ಎತ್ತರದ ಟಿವಿ ಕಂಬ ಇದೆ. ಅಲ್ಲಿ ಅಗ್ಗದ ವಾಕಿಟಾಕಿ ತೆಗೆದರೆ ಕಿವುಡಾಗಿ ಕೂರುತ್ತದೆ. ನಕ್ಷೆಯಲ್ಲಿ ಕಂಬದ ಗುರುತಿದ್ದರೆ ಬೇರೆ ಬೆಟ್ಟ ಆರಿಸಿಕೊಳ್ಳಿ.

ಆಂಟೆನಾ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ದೂರಕ್ಕೆ ನಾನು ನೆಚ್ಚಿಕೊಂಡಿರುವುದು ನೆಟ್ಟಗೆ ನಿಲ್ಲುವ ಕಾಲು-ತರಂಗದ, ಅಂದರೆ ಅಲೆಯ ಉದ್ದದ ಕಾಲು ಭಾಗದಷ್ಟು ಉದ್ದದ, ತಂತಿ. ಮೀನು ಹಿಡಿಯುವ ಆರು ಮೀಟರಿನ ಫೈಬರ್ ಕೋಲು ಸಿಗುತ್ತದಲ್ವಾ, ಒಂದರೊಳಗೆ ಒಂದು ಸೇರಿಕೊಳ್ಳುವಂಥದ್ದು, ಅದೇ ಕಂಬ. 71.5 ಅನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ತಂತಿಯ ಉದ್ದ ಮೀಟರಿನಲ್ಲಿ ಬರುತ್ತದೆ. ಬ್ಯಾಂಡ್ ಅಂದರೆ ಫ್ರೀಕ್ವೆನ್ಸಿಗಳ ಒಂದು ಪಟ್ಟಿ, ಅಲೆಯ ಉದ್ದವೇ ಅದರ ಹೆಸರು. 10 ಮೀಟರ್ ಬ್ಯಾಂಡಿಗೆ (28 ಮೆಗಾಹರ್ಟ್ಜ್) 2.55, 15 ಮೀಟರ್ ಬ್ಯಾಂಡಿಗೆ (21) 3.39, 20 ಮೀಟರ್ ಬ್ಯಾಂಡಿಗೆ (14) 5.09. ಇವನ್ನು ಮೂರು ಬೇರೆ ತಂತಿ ಮಾಡಬೇಡಿ. ಒಂದೇ ತಂತಿಯನ್ನು ಬುಡದಿಂದ 2.55ರಲ್ಲಿ ಕತ್ತರಿಸಿ, ಮುಂದಕ್ಕೆ 84 ಸೆಂಟಿಮೀಟರಿನ ತುಂಡು, ಅದರ ಮುಂದೆ 1.70 ಮೀಟರಿನ ತುಂಡು ಸೇರಿಸಿ. ಕತ್ತರಿಸಿದ ಎರಡು ಕಡೆ ಸಣ್ಣ ಪ್ಲಾಸ್ಟಿಕ್ ತುಂಡಿನ ಮೇಲೆ ಗಂಟು ಹಾಕಿ, ಮೊಸಳೆ ಕ್ಲಿಪ್ ಕಟ್ಟಿ. ಕ್ಲಿಪ್ ಹಾಕಿದರೆ ಕಡಿಮೆ ಫ್ರೀಕ್ವೆನ್ಸಿಯ ಬ್ಯಾಂಡ್, ತೆಗೆದರೆ ಹೆಚ್ಚಿನದರ ಬ್ಯಾಂಡ್. ಒಂದೊಂದು ತುಂಡನ್ನೂ ಹತ್ತು ಸೆಂಟಿಮೀಟರ್ ಉದ್ದವಾಗಿಯೇ ಕತ್ತರಿಸಿ, ಹಿತ್ತಲಿನಲ್ಲಿ ನಿಲ್ಲಿಸಿ, ಎಸ್‌ಡಬ್ಲ್ಯೂಆರ್ (ತಂತಿಯಿಂದ ಎಷ್ಟು ಶಕ್ತಿ ವಾಪಸು ಬರುತ್ತಿದೆ ಎನ್ನುವ ಅಳತೆ) ನೋಡುತ್ತಾ ತುಸುತುಸುವೇ ಕಡಿಮೆ ಮಾಡಿ. ಮೊದಲು 10 ಮೀಟರ್ ಸರಿಮಾಡಿ, ಕೊನೆಗೆ 20. ತಿರುಗಾಮುರುಗಾ ಮಾಡಿದರೆ ಒಂದು ಸರಿಹೋದಾಗ ಇನ್ನೊಂದು ಕೆಡುತ್ತದೆ.

ಬುಡದಿಂದ ನೆಲಕ್ಕೆ ರೇಡಿಯಲ್ ತಂತಿಗಳನ್ನು ಹರಡಬೇಕು. ನೆಲದ ಮೇಲೆ ಮಲಗಿದ ರೇಡಿಯಲ್ ಎಷ್ಟು ಉದ್ದ ಅನ್ನುವುದಕ್ಕಿಂತ ಎಷ್ಟು ಇವೆ ಅನ್ನುವುದು ಮುಖ್ಯ. ನಾನು ಮೂರು ಮೀಟರಿನ ಎಂಟು ತಂತಿ ಒಯ್ಯುತ್ತೇನೆ. ತಂತಿಗಳನ್ನು ಒಂದು ಕಡ್ಡಿಗೆ ಎಂಟರ ಆಕಾರದಲ್ಲಿ ಸುತ್ತಿ. ದುಂಡಗೆ ಸುತ್ತಿದರೆ ತೆರೆಯುವಾಗ ಸಿಕ್ಕಾಗುತ್ತದೆ. ಕೈ ಮರಗಟ್ಟಿದಾಗ ಸಿಕ್ಕು ಬಿಡಿಸುವುದು ಬಲು ಕಷ್ಟ.

ಕೋಲು ನಿಲ್ಲಿಸುವುದಕ್ಕೆ ಏನಾದರೂ ಆಸರೆ ಹುಡುಕಿ. ಶೈನಿಂಗ್ ಟಾರ್ ತುದಿಯಲ್ಲಿ ಉದ್ದಕ್ಕೆ ಕಲ್ಲಿನ ಗೋಡೆ ಹೋಗಿದೆ, ಗೇಟೂ ಇದೆ. ನಾನು ಗೇಟಿನ ಪಕ್ಕದ ಕಂಬಕ್ಕೆ ಎರಡು ರಬ್ಬರ್ ಪಟ್ಟಿ ಹಾಕಿ ಕೋಲು ಕಟ್ಟುತ್ತೇನೆ, ಓಡಾಡುವವರಿಗೆ ಅಡ್ಡ ಬಾರದ ಹಾಗೆ. ಗೋಡೆಯ ಕಲ್ಲು ಮಾತ್ರ ಕೀಳಬೇಡಿ. ಅದು ಯಾರದೋ ಕುರಿಗಳ ಬೇಲಿ. ಕೋಲಿನ ತುದಿಯ ತೆಳ್ಳಗಿನ ಎರಡು ತುಂಡನ್ನು ಎಳೆಯದೆ ಬಿಡಿ. ಕಳೆದ ವರ್ಷ ಫೆಬ್ರವರಿಯ ಗಾಳಿಗೆ ನನ್ನ ಕೋಲು ಎರಡನೇ ತುಂಡಿನಲ್ಲಿ ಸೀಳಿತು. ಅವತ್ತು ಜೇಬಿನಲ್ಲಿ ಇನ್ಸುಲೇಷನ್ ಟೇಪ್ ಇದ್ದುದರಿಂದ ಕೆಲಸ ನಡೆಯಿತು. ಈಗ ಕೋಲಿನ ಬುಡಕ್ಕೇ ಒಂದಿಷ್ಟು ಟೇಪ್ ಸುತ್ತಿಟ್ಟಿರುತ್ತೇನೆ. ಊರಲ್ಲಿ ಕಂಬವೇ ಬೇಕಿಲ್ಲ. ನಮ್ಮ ಮನೆ ಹಲಸಿನ ಮರಕ್ಕೆ ಅಪ್ಪ ಹಗ್ಗದ ತುದಿಗೆ ಕಲ್ಲು ಕಟ್ಟಿ ಬೀಸಿ, ರೇಡಿಯೋದ ಏರಿಯಲ್ ಎಳೆಯುತ್ತಿದ್ದರು. ಮರ ಇರುವ ಬೆಟ್ಟದಲ್ಲಿ ಇವತ್ತಿಗೂ ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಎಲ್ಲಿ ಕೂರಬೇಕು? ನಿಮಗೆ ಬೇಕಾದ ದೇಶದ ದಿಕ್ಕಿಗೆ ಇಳಿಜಾರು ಇರುವ ಕಡೆ. ಅಲೆ ಆಕಾಶದ ಮೇಲಿನ ಪದರಕ್ಕೆ ಬಡಿದು ಜಿಗಿಯುತ್ತಾ ದೂರ ಹೋಗುತ್ತದೆ. ಅದು ಆಕಾಶಕ್ಕೆ ಎಷ್ಟು ತಗ್ಗಿದ ಕೋನದಲ್ಲಿ ಹೋಗುತ್ತದೋ ಒಂದೊಂದು ಜಿಗಿತವೂ ಅಷ್ಟು ಉದ್ದವಾಗುತ್ತದೆ. ಎದುರಿನ ನೆಲ ಇಳಿದು ಹೋದರೆ ಕೋನ ತಾನಾಗಿಯೇ ತಗ್ಗುತ್ತದೆ. ಶೈನಿಂಗ್ ಟಾರ್‌ನ ಪಶ್ಚಿಮಕ್ಕೆ ಚೆಶೈರ್ ಬಯಲು. ಮೋಡ ಇಲ್ಲದ ದಿನ ಜೊಡ್ರೆಲ್ ಬ್ಯಾಂಕಿನ 76 ಮೀಟರಿನ ಬಿಳಿ ರೇಡಿಯೋ ದೂರದರ್ಶಕ ಅಲ್ಲಿಂದ ಕಾಣುತ್ತದೆ. ಅಮೆರಿಕ ಇರುವುದೂ ಅದೇ ಕಡೆ. ಗಾಳಿ ಬರುವುದೂ ಅದೇ ಕಡೆಯಿಂದ. ಹಾಗಾಗಿ ನಾನು ಗೋಡೆಯ ಪೂರ್ವಕ್ಕೆ ಮರೆಯಾಗಿ ಕೂರುತ್ತೇನೆ, ತಂತಿ ಗೋಡೆಯ ಮೇಲಕ್ಕೆ ನಿಂತು ಪಶ್ಚಿಮ ನೋಡುತ್ತದೆ.

ಇನ್ನು ಹೊತ್ತು. ನಾನು ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಮನೆಯಿಂದ ಮಾಡುವವರು ಬ್ಯಾಂಡ್ ತೆರೆದಿದೆಯಾ, ಅಂದರೆ ಅಲೆ ದೂರಕ್ಕೆ ಜಿಗಿಯುತ್ತಿದೆಯಾ, ಅಂತ ಮಾತ್ರ ನೋಡುತ್ತಾರೆ. ನಾವು ಮೂರು ನೋಡಬೇಕು: ಬ್ಯಾಂಡ್ ತೆರೆದಿರಬೇಕು, ಇಲ್ಲಿ ಬೆಳಕಿರಬೇಕು, ಅಲ್ಲಿಯೂ ಬೆಳಕಿರಬೇಕು. ಕತ್ತಲಲ್ಲಿ ಬೆಟ್ಟದ ಮೇಲೆ ಕೂರುವವರು ಕಡಿಮೆ. ನವೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆ ದಾಟಿದರೆ ಸೂರ್ಯ ಇಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಜನ ಬೆಟ್ಟ ಹತ್ತಿ ಕೂರುವುದು ಅಲ್ಲಿಯ ಎಂಟು-ಒಂಬತ್ತಕ್ಕೆ. ಅಂದರೆ ನಮಗೆ ಸಿಗುವುದು 13:00ರಿಂದ 16:00 ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಗ್ರೀನಿಚ್ ಸಮಯ) ನಡುವಿನ ಕಿಂಡಿ. ಒಳ್ಳೆಯ ವಿಷಯ ಏನೆಂದರೆ 10, 15, 20 ಮೀಟರ್ ಬ್ಯಾಂಡುಗಳು ಅಟ್ಲಾಂಟಿಕ್ ದಾಟಲು ತೆರೆಯುವುದೂ ಆಗಲೇ. ಆಸ್ಟ್ರೇಲಿಯಾ ಹಾಗಲ್ಲ. ಬೆಳಿಗ್ಗೆ ಏಳು-ಎಂಟು ಯುಟಿಸಿಗೆ 20 ಮೀಟರಿನಲ್ಲಿ ಅಲೆ ಭೂಮಿಯ ಉದ್ದದ ಸುತ್ತು ಹಾಕಿಕೊಂಡು ಬರುತ್ತದೆ. ನಮಗಾಗ ಮುಂಜಾನೆ, ಅವರಿಗೆ ಸಂಜೆ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಇಲ್ಲಿ ಇನ್ನೂ ಕತ್ತಲು, ಜೂನ್‌ನಲ್ಲಿ ಅಲ್ಲಿ ಕತ್ತಲು. ಹಾಗಾಗಿ ಏಪ್ರಿಲ್, ಅಕ್ಟೋಬರ್ ಆಸುಪಾಸು ಇಬ್ಬರಿಗೂ ಹೊಂದುತ್ತದೆ.

ಹೊರಡುವ ಮುಂಚೆ ಕೆ-ಸೂಚ್ಯಂಕ ನೋಡಿ, ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಎಂದು ಅದು ಹೇಳುತ್ತದೆ. ಒಂದೋ ಎರಡೋ ಇದ್ದರೆ ಚೆನ್ನ, ಐದಕ್ಕೆ ಹೋಗಿದ್ದರೆ ದೂರದ ಆಸೆ ಬಿಟ್ಟು ಹತ್ತಿರದ ಬೆಟ್ಟಗಳಿಗೆ ಮಾತಾಡಿ. ಸೂರ್ಯನ ಕಲೆಗಳು ಜಾಸ್ತಿಯಿರುವ ವರ್ಷಗಳಲ್ಲಿ 10 ಮೀಟರ್ ಬ್ಯಾಂಡ್‌ನಷ್ಟು ಸುಲಭ ಇನ್ನೊಂದಿಲ್ಲ. ಎರಡೂವರೆ ಮೀಟರ್ ತಂತಿ ಸಾಕಲ್ವಾ!

ಹತ್ತಿರದ ಬೆಟ್ಟಗಳಿಗೆ ಎಚ್‌ಎಫ್, ಅಂದರೆ ಇಲ್ಲಿಯವರೆಗೆ ಹೇಳಿದ ಶಾರ್ಟ್‌ವೇವ್ ಬ್ಯಾಂಡುಗಳು, ಬೇಡ. ಎರಡು ಮೀಟರ್ ಬ್ಯಾಂಡಿನ ಒಂದು ವಾಕಿಟಾಕಿ ಸಾಕು. ಇಬ್ಬರ ಎತ್ತರದ (ಮೀಟರಿನಲ್ಲಿ) ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ, ಅಂದರೆ ಅಲೆ ನೇರವಾಗಿ ತಲುಪುವ ದೂರ, ಕಿಲೋಮೀಟರಿನಲ್ಲಿ ಸಿಗುತ್ತದೆ. 559 ಮೀಟರಿನ ಶೈನಿಂಗ್ ಟಾರ್‌ಗೂ ವೇಲ್ಸ್‌ನ 1,085 ಮೀಟರಿನ ಸ್ನೋಡನ್‌ಗೂ ಲೆಕ್ಕ ಹಾಕಿದರೆ 230 ಕಿಲೋಮೀಟರ್ ದಾಟುತ್ತದೆ. ನಡುವೆ ಇರುವುದು ಸುಮಾರು 140. ಆರಾಮವಾಗಿ ಆಗುತ್ತದೆ. 145.500 ಮೆಗಾಹರ್ಟ್ಜ್ ಫ್ರೀಕ್ವೆನ್ಸಿಯಲ್ಲಿ ಕರೆದು, ಸಿಕ್ಕವರೊಂದಿಗೆ ಖಾಲಿ ಚಾನೆಲಿಗೆ ಸರಿದುಕೊಳ್ಳಿ.

ಹಿಂದಿನ ರಾತ್ರಿ ಒಂದು ಕೆಲಸ ಮರೆಯಬೇಡಿ. ಸೋಟಾವಾಚ್ ತಾಣದಲ್ಲಿ ನಿಮ್ಮ ಬೆಟ್ಟ, ಸಮಯ, ಬ್ಯಾಂಡ್ ಹಾಕಿ ‘ಅಲರ್ಟ್’ ಕೊಡಿ. ಬೇರೆಯವರ ಅಲರ್ಟ್‌ಗಳನ್ನೂ ಓದಿ, ನಿಮ್ಮ ಹೊತ್ತಿಗೆ ಯಾರ್ಯಾರು ಎಲ್ಲೆಲ್ಲಿ ಇರುತ್ತಾರೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಬೆಟ್ಟದ ಮೇಲೆ ಫೋನ್ ಸಿಗ್ನಲ್ ಇಲ್ಲದಿದ್ದರೆ ಆ ಕಾಗದವೇ ಗತಿ. ಅಲರ್ಟ್‌ನಿಂದ ಇನ್ನೊಂದು ಲಾಭವಿದೆ. ನೀವು ಮೋರ್ಸ್‌ನಲ್ಲಿ, ಅಂದರೆ ಉದ್ದ-ಗಿಡ್ಡ ಸದ್ದಿನ ಸಂಕೇತದಲ್ಲಿ, ಸಿಕ್ಯೂ ಕರೆದರೆ ಜಗತ್ತಿನ ಸ್ವಯಂಚಾಲಿತ ರಿಸೀವರ್‌ಗಳು ಅದನ್ನು ಹಿಡಿಯುತ್ತವೆ, ಅಲರ್ಟ್ ಇದ್ದವರ ಹೆಸರನ್ನು ತಾವೇ ‘ಸ್ಪಾಟ್’ ಪಟ್ಟಿಗೆ, ಅಂದರೆ ಈಗ ಯಾರು ಎಲ್ಲಿ ಕರೆಯುತ್ತಿದ್ದಾರೆ ಎನ್ನುವ ಪಟ್ಟಿಗೆ, ಹಾಕುತ್ತವೆ. ಫೋನೇ ಬೇಡ. ದೂರದ ಸಂಪರ್ಕ ಬೇಕು ಅನ್ನುವವರು ಮೋರ್ಸ್ ಕಲಿಯಲೇಬೇಕು ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಮಾತು ಗದ್ದಲದಲ್ಲಿ ಕರಗಿಹೋದಾಗಲೂ ಮೋರ್ಸ್ ಕೇಳುತ್ತಿರುತ್ತದೆ.

ಮೇಲೆ ಕೂತ ಮೇಲೆ ಮೊದಲ ಹತ್ತು ನಿಮಿಷ ಗುಂಡಿ ಒತ್ತಬೇಡಿ. ಸ್ಪಾಟ್ ಪಟ್ಟಿ ನೋಡಿ, ಬೆಟ್ಟದವರ ಫ್ರೀಕ್ವೆನ್ಸಿಗೆ ಹೋಗಿ ಕೇಳಿ. ಸೋಟಾದವರು ಹೆಚ್ಚಾಗಿ 14.060, 21.060, 28.060 ಮೆಗಾಹರ್ಟ್ಜ್ ಆಸುಪಾಸು ಮೋರ್ಸ್‌ನಲ್ಲಿ ಇರುತ್ತಾರೆ. ಅವರ ಸುತ್ತ ಮನೆಯಿಂದ ಕರೆಯುವವರ ಜಾತ್ರೆ ಇರುತ್ತದೆ. ಆ ಜಾತ್ರೆಯಲ್ಲಿ ನಿಮ್ಮ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತು) ಕೂಗಿ ಪ್ರಯೋಜನವಿಲ್ಲ. ಒಬ್ಬರ ಸಂಪರ್ಕ ಮುಗಿದು ಇನ್ನೊಬ್ಬರು ಶುರು ಮಾಡುವ ನಡುವಿನ ಸಣ್ಣ ಬಿಡುವಿನಲ್ಲಿ ‘ಎಸ್ ಟು ಎಸ್’ ಎಂದು ಮಾತ್ರ ಕಳಿಸಿ. ಡಿ-ಡಿ-ಡಿ, ಡಿ-ಡಿ-ಡಾ-ಡಾ-ಡಾ, ಡಿ-ಡಿ-ಡಿ. ಅಕ್ಕಪಕ್ಕದವರು ಇದನ್ನು ಕೇಳಿದರೆ ತಾವಾಗಿ ಸುಮ್ಮನಾಗುತ್ತಾರೆ. ಇಷ್ಟು ವರ್ಷದಲ್ಲಿ ಈ ಮರ್ಯಾದೆ ತಪ್ಪಿದವರನ್ನು ನಾನು ಕಂಡದ್ದು ತೀರಾ ಕಡಿಮೆ.

ಅಮೆರಿಕದ ನನ್ನ ಮೊದಲ ಬೆಟ್ಟ ಸಿಕ್ಕಿದ್ದು ಹೀಗೆಯೇ. 2023ರ ನವೆಂಬರ್, ಶನಿವಾರ, 14:20 ಯುಟಿಸಿ. ನ್ಯೂ ಹ್ಯಾಂಪ್‌ಶೈರಿನ ಒಂದು ತುದಿಯಿಂದ ಒಬ್ಬರು 21 ಮೆಗಾಹರ್ಟ್ಜ್‌ನಲ್ಲಿ ಕರೆಯುತ್ತಿದ್ದರು. ಸಿಗ್ನಲ್ ಎದ್ದು ಎದ್ದು ಬೀಳುತ್ತಿತ್ತು. ನಾನು ‘ಎಸ್ ಟು ಎಸ್’ ಕಳಿಸಿದೆ. ಜಾತ್ರೆ ನಿಂತಿತು. ಎದುರಿನಿಂದ ಬರೀ ಒಂದು ಪ್ರಶ್ನೆ ಚಿಹ್ನೆ. ಕಾಲ್‌ಸೈನ್ ಎರಡು ಸಲ ಕಳಿಸಿದೆ. ಅವರು ಮೊದಲ ಎರಡು ಅಕ್ಷರ ಹಿಡಿದು ಮತ್ತೆ ಪ್ರಶ್ನೆ ಚಿಹ್ನೆ ಹಾಕಿದರು. ಮತ್ತೆ ಕಳಿಸಿದೆ, ನಿಧಾನಕ್ಕೆ. ಈಗ ಪೂರ್ತಿ ಬಂತು, ಜೊತೆಗೆ 339, ಅಂದರೆ ನನ್ನ ಸಿಗ್ನಲ್ ಬಹಳ ಕಷ್ಟದಲ್ಲಿ ಕೇಳುತ್ತಿದೆ ಅನ್ನುವ ರಿಪೋರ್ಟ್. ಅವರ ಬೆಟ್ಟದ ನಂಬರಿನ ಕೊನೆಯ ಅಂಕಿ ಬರುವಾಗಲೇ ಗಾಳಿ ಗೋಡೆಯ ಮೇಲಿಂದ ಹಾರಿ ಬಂದು ಕಿವಿ ತುಂಬಿತು. ಹೆಡ್‌ಫೋನನ್ನು ಅಂಗೈಯಿಂದ ಅಮುಕಿ ಹಿಡಿದೆ. ನಂಬರು ಮತ್ತೆ ಕೇಳಿದೆ. ಅವರು ಮೂರು ಸಲ ಕೊಟ್ಟರು, ಒಂದು ಚೂರೂ ಬೇಸರ ಇಲ್ಲದೆ. ಅಲ್ಲಿ ಅಷ್ಟು ಹೊತ್ತೂ ಮನೆಯಿಂದ ಕರೆಯುತ್ತಿದ್ದವರೆಲ್ಲ ಕಾದರು. ನಾನು ಬರೆದುಕೊಂಡ ಮೇಲೆ ನೋಡುತ್ತೇನೆ, ಪೆನ್ಸಿಲ್ ಹಿಡಿದ ಕೈ ನಡುಗುತ್ತಿದೆ. ಅದು ಚಳಿಗೆ ಮಾತ್ರ ನಡುಗಿದ್ದಲ್ಲ.

ಹೌದು, ಪೆನ್ಸಿಲ್ಲೇ ಒಯ್ಯಿರಿ. ಪೆನ್ನು ಒದ್ದೆ ಕಾಗದದ ಮೇಲೆ ಬರೆಯುವುದಿಲ್ಲ. ಕಾಲ್‌ಸೈನ್, ಯುಟಿಸಿ ಸಮಯ, ಬ್ಯಾಂಡ್, ಎರಡೂ ಕಡೆಯ ರಿಪೋರ್ಟ್, ಎದುರಿನವರ ಬೆಟ್ಟದ ನಂಬರು, ಇಷ್ಟು ಬೇಕು. ಬೆಟ್ಟದ ನಂಬರು ಲಾಗ್‌ನಲ್ಲಿ, ಅಂದರೆ ಸಂಪರ್ಕಗಳ ದಾಖಲೆಯಲ್ಲಿ, ಹಾಕದಿದ್ದರೆ ಅದು ಎಸ್ ಟು ಎಸ್ ಲೆಕ್ಕಕ್ಕೆ ಬರುವುದಿಲ್ಲ. ಬ್ರಿಟನ್‌ನಲ್ಲಿ ಬೇಸಿಗೆಯ ಗಡಿಯಾರ ಯುಟಿಸಿಗಿಂತ ಒಂದು ಗಂಟೆ ಮುಂದೆ ಇರುತ್ತದೆ. ಕೈಗಡಿಯಾರವೊಂದನ್ನು ಯುಟಿಸಿಗೇ ಇಟ್ಟುಬಿಡಿ.

ಹುಡುಕುವುದು ಮುಗಿದ ಮೇಲೆ ನಿಮ್ಮದೇ ಸಿಕ್ಯೂ ಕರೆಯಿರಿ. ಮನೆಯಿಂದ ಕರೆಯುವವರಿಗೂ ಅವರ ಅಂಕ ಕೊಡಬೇಕು, ಅವರಿಲ್ಲದೆ ಈ ಹವ್ಯಾಸ ನಡೆಯುವುದಿಲ್ಲ. ಆದರೆ ಕಿವಿ ತೆರೆದಿಡಿ. ಜಾತ್ರೆಯ ಕೆಳಗೆ ಸಣ್ಣಗೆ, ತೇಲಿ ತೇಲಿ ಬರುವ ಸಿಗ್ನಲ್ ಕೇಳಿದರೆ ಅದನ್ನೇ ಮೊದಲು ಎತ್ತಿ. ‘ಸ್ಲಾಶ್ ಪಿ’ (ಮನೆಯ ಹೊರಗಿನಿಂದ ಎನ್ನುವ ಗುರುತು) ಎಂದು ಕೊನೆಯಾಗುವ ಕಾಲ್‌ಸೈನ್ ಆದರೆ ಬೆಟ್ಟದವರೇ ಇರಬಹುದು.

ರಿಸೀವರಿನಲ್ಲಿ ಪಟಪಟ ಸದ್ದು ಶುರುವಾದರೆ, ದೂರದಲ್ಲಿ ಗುಡುಗಿದರೆ, ಎಷ್ಟೇ ದೊಡ್ಡ ಸಂಪರ್ಕ ನಡೆಯುತ್ತಿದ್ದರೂ ಕೋಲು ಇಳಿಸಿ ಕೆಳಗೆ ಹೊರಡಿ. ಆ ಬಯಲು ಬೆಟ್ಟದಲ್ಲಿ ಎಲ್ಲಕ್ಕಿಂತ ಎತ್ತರ ಇರುವುದು ನಿಮ್ಮ ಕೋಲೇ. ತಲೆದೀಪ, ಕಾಗದದ ನಕ್ಷೆ, ಒಂದು ದಪ್ಪ ಜಾಕೆಟ್ ಬೇಸಿಗೆಯಲ್ಲೂ ಇರಲಿ. ಒಂದು ಗಂಟೆ ಅಲ್ಲಾಡದೆ ಕೂರುವವರಿಗೆ ನಡೆಯುವವರಿಗಿಂತ ಬೇಗ ಚಳಿ ಹಿಡಿಯುತ್ತದೆ. ನಾನು ಕೂರಲು ಒಂದು ಫೋಮ್ ಹಾಳೆ, ಫ್ಲಾಸ್ಕ್ ಕಾಫಿ, ಚಪಾತಿಗೆ ಚಟ್ನಿಪುಡಿ ಸುತ್ತಿಕೊಂಡು ಒಯ್ಯುತ್ತೇನೆ.

ನನಗೆ ಇನ್ನೂ ಸಿಗದ ಸಂಪರ್ಕ ಒಂದಿದೆ. ನಮ್ಮ ಘಟ್ಟದ ತುದಿಯಲ್ಲಿ ಕೂತ ಯಾರಾದರೂ ಒಬ್ಬರು. ದಾರಿ ಸುಮಾರು 8,000 ಕಿಲೋಮೀಟರ್. ಆಗದ ಮಾತಲ್ಲ, ಭಾರತದ ಮನೆ ಸ್ಟೇಷನ್‌ಗಳು ಇಲ್ಲಿ ಚೆನ್ನಾಗಿಯೇ ಕೇಳುತ್ತವೆ. ಮುಳ್ಳಯ್ಯನಗಿರಿಗೋ ಇನ್ನಾವುದಾದರೂ ಬೆಟ್ಟಕ್ಕೋ ಹೋಗುವವರು ಅರಣ್ಯ ಇಲಾಖೆಯವರ ಒಪ್ಪಿಗೆ ಮೊದಲೇ ಕೇಳಿಕೊಳ್ಳಿ. ವಾಯವ್ಯಕ್ಕೆ ಇಳಿಜಾರು ಇರುವ ಕಡೆ ಕೂರಿ. 3.39 ಮೀಟರಿನ ತಂತಿ ನಿಲ್ಲಿಸಿ. ಚಳಿಗಾಲದ ಶನಿವಾರ ನಿಮಗೆ ಮಧ್ಯಾಹ್ನ ಮೂರೂವರೆ ಅಂದರೆ ನನಗೆ ಬೆಳಿಗ್ಗೆ ಹತ್ತು. ಎರಡೂ ಕಡೆ ಬೆಳಕು, 15 ಮೀಟರ್ ಬ್ಯಾಂಡ್ ತೆರೆದಿರುವ ಹೊತ್ತು. ನಾನು ಗೋಡೆಯ ಮರೆಯಲ್ಲಿ 21.060ರ ಹತ್ತಿರ ಇರುತ್ತೇನೆ. ಮೊದಲ ಹತ್ತು ನಿಮಿಷ ಕರೆಯುವುದಿಲ್ಲ, ಬರೀ ಕೇಳುತ್ತಿರುತ್ತೇನೆ.